ನೀಲಿಯೋ ಹಸಿರೋ ಆಮೇಲೆ, ಮೊದಲು ಜಿಡ್ಡೆಷ್ಟು ಅಂತ ಕೇಳೋಣ

ಬಾಣಾವರದ ಯಾವ ಅಂಗಡಿ ಮುಂದೆ ಬೇಕಾದರೂ ಬೆಳಿಗ್ಗೆ ಆರೂವರೆಗೆ ಹೋಗಿ ನಿಂತುಕೊಳ್ಳಿ. ಹಾಲು ಕೊಳ್ಳಲು ಬಂದವರು ಯಾರೂ ಹಾಲಿನ ಹೆಸರು ಹೇಳುವುದಿಲ್ಲ. "ಅಣ್ಣ, ಎರಡು ನೀಲಿ ಕೊಡಿ", "ನಂಗೊಂದು ಹಸಿರು, ಅರ್ಧ ಲೀಟರ್ದು" ಅಂತಾರೆ. ಅಂಗಡಿಯವರು ಕ್ರೇಟಿನಿಂದ ತೆಗೆದು ಕೊಡ್ತಾರೆ, ದುಡ್ಡು ಇಸ್ಕೊಳ್ತಾರೆ, ಮುಗೀತು. ನೀಲಿ ಅಂದರೆ ಕಮ್ಮಿದು, ಹಸಿರು ಅಂದರೆ ಒಂಚೂರು ಒಳ್ಳೇದು, ಮನೆಗೆ ಬೀಗರು ಬಂದರೆ ಅದಕ್ಕೂ ಮೇಲಿಂದು. ಇದು ನಮ್ಮೂರಿನ ಲೆಕ್ಕ. ನೀಲಿ ಯಾಕೆ ಕಮ್ಮಿ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಅದು ಬರೀ ನೀರು ಕಣಪ್ಪ."

ನಾವು ಅಂದರೆ ಕನ್ನಡ ಸಂಘದಲ್ಲಿರುವ ಅರಸೀಕೆರೆ, ಬಾಣಾವರ, ಜಾವಗಲ್ ಕಡೆಯ ಎರಡನೇ ವರ್ಷದವರು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಹಸು ಇದೆ. ಆದ್ದರಿಂದ ಈ ವಿಷಯದಲ್ಲಿ ನಮಗೊಂದು ಅಭಿಪ್ರಾಯ ಇದೆ, ಸ್ವಲ್ಪ ಸಿಟ್ಟೂ ಇದೆ. ಹಾಲನ್ನು ಮಾರುವವರು ಎರಡು ಸಂಖ್ಯೆ ನೋಡಿ ಮಾರ್ತಾರೆ. ಅದೇ ಹಾಲನ್ನು ಕೊಳ್ಳುವವರು ಬಣ್ಣ ನೋಡಿ ಕೊಳ್ತಾರೆ. ಈ ಎರಡರ ನಡುವಿನ ಜಾಗದಲ್ಲಿ ಏನೇನೋ ಸುಳ್ಳು ಸೇರಿಕೊಂಡುಬಿಟ್ಟಿದೆ.

ಮೊದಲು ಮಾರುವವರ ಕಡೆ ನೋಡೋಣ. ನಮ್ಮ ಕಡೆ ತೆಂಗು, ರಾಗಿ ಬಿಟ್ಟರೆ ಕೈಗೆ ವರ್ಷವಿಡೀ ದುಡ್ಡು ಬರುವುದು ಹಾಲಿನಿಂದ. ಕೊಬ್ಬರಿ ರೇಟು ಯಾವಾಗ ಏಳುತ್ತೆ, ಯಾವಾಗ ಬೀಳುತ್ತೆ ದೇವರಿಗೇ ಗೊತ್ತು. ಮಳೆ ಕೈಕೊಟ್ಟರೆ ರಾಗಿಯೂ ಇಲ್ಲ. ಡೈರಿಯ ಬಟವಾಡೆ ಮಾತ್ರ ತಪ್ಪುವುದಿಲ್ಲ. ದಿನಕ್ಕೆ ಎರಡು ಹೊತ್ತು ಊರಿನ ಹಾಲು ಉತ್ಪಾದಕರ ಸಂಘದ ಮುಂದೆ ಕ್ಯಾನು, ಬಕೆಟ್ಟು, ಸ್ಟೀಲ್ ಪಾತ್ರೆಗಳ ಸಾಲು ನಿಲ್ಲುತ್ತದೆ. ಹಾಲು ಅಳೆದು, ಒಂದು ಸಣ್ಣ ಸ್ಯಾಂಪಲ್ಲನ್ನು ಯಂತ್ರಕ್ಕೆ ಇಡ್ತಾರೆ. ಪರದೆ ಮೇಲೆ ಸಂಖ್ಯೆ ಬರುತ್ತೆ: ಫ್ಯಾಟ್ 3.9, ಎಸ್‌ಎನ್‌ಎಫ್ 8.4. ರೇಟು ನಿಲ್ಲುವುದು ಅದರ ಮೇಲೆ. ನಮ್ಮ ದೊಡ್ಡಮ್ಮ ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವರು, ಆದರೆ ದಶಾಂಶ ಬಿಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. "ಇವತ್ತು ಮೂರು ಪಾಯಿಂಟ್ ಆರು ಬಂತು ಕಣ್ರೋ, ಹಸೀ ಹುಲ್ಲು ಜಾಸ್ತಿ ಆಯ್ತು, ನಾಳೆಯಿಂದ ಒಣಹುಲ್ಲು ಸೇರಿಸ್ಬೇಕು" ಅಂತ ಅವರು ಕೊಟ್ಟಿಗೆಯಲ್ಲೇ ತೀರ್ಮಾನ ಮಾಡ್ತಾರೆ. ಇದಕ್ಕೆ ಕಾಲೇಜಿನಲ್ಲಿ ಫೀಡ್‌ಬ್ಯಾಕ್ ಕಂಟ್ರೋಲ್ ಅಂತ ಒಂದು ಪೂರ್ತಿ ಸಬ್ಜೆಕ್ಟ್ ಇದೆ.

ಎರಡು ಸಂಖ್ಯೆ ಯಾಕೆ ಬೇಕು, ಒಂದು ಸಾಲದಾ? ಸಾಲದು. ಹಿಂದೆ ಡೈರಿಗಳಲ್ಲಿ ಬರೀ ಲ್ಯಾಕ್ಟೋಮೀಟರ್ ತೇಲಿಬಿಟ್ಟು "ಡಿಗ್ರಿ" ನೋಡ್ತಿದ್ದರಲ್ಲ, ಅದು ಅಳೆಯುವುದು ಸಾಂದ್ರತೆಯನ್ನು. ಡಿಗ್ರಿ 28 ಅಂದರೆ ಸಾಂದ್ರತೆ 1.028. ಹಾಲಿಗೆ ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತೆ, ಕಳ್ಳ ಸಿಕ್ಕಿಬೀಳ್ತಾನೆ. ಆದರೆ ಜಿಡ್ಡು ನೀರಿಗಿಂತ ಹಗುರ. ಕೆನೆ ತೆಗೆದುಬಿಟ್ಟರೆ ಡಿಗ್ರಿ ಏರುತ್ತೆ! ಹಾಗಾದರೆ ಸ್ವಲ್ಪ ಕೆನೆ ತೆಗೆದು, ಅಷ್ಟಕ್ಕಷ್ಟು ನೀರು ಹಾಕಿದರೆ ಡಿಗ್ರಿ ಮತ್ತೆ 28ಕ್ಕೇ ಬಂದು ನಿಲ್ಲುತ್ತದೆ. ಲ್ಯಾಕ್ಟೋಮೀಟರ್ ಪಾಪ, ನಂಬಿಬಿಡುತ್ತೆ. ಅದಕ್ಕೇ ಫ್ಯಾಟನ್ನು ಬೇರೆಯಾಗಿ ಅಳೀಬೇಕು. ಮೊದಲು ಗಾಜಿನ ಬ್ಯುಟಿರೋಮೀಟರಿಗೆ ಹಾಲು, ಗಂಧಕಾಮ್ಲ, ಅಮೈಲ್ ಆಲ್ಕೋಹಾಲ್ ಹಾಕಿ ಗಿರಗಿರ ತಿರುಗಿಸಿ ನೋಡುವ ಗರ್ಬರ್ ವಿಧಾನ ಇತ್ತು. ಈಗ ಯಂತ್ರ ಒಂದು ನಿಮಿಷದಲ್ಲಿ ಹೇಳುತ್ತೆ. ಫ್ಯಾಟ್ ಒಂದು, ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ ಇನ್ನೊಂದು. ಈ ಎರಡನೇದೇ ಎಸ್‌ಎನ್‌ಎಫ್. ಅದರಲ್ಲಿ ಪ್ರೋಟೀನು ಇದೆ, ಹಾಲಿನ ಸಕ್ಕರೆ ಇದೆ, ಕ್ಯಾಲ್ಸಿಯಂ ಥರದ ಲವಣಗಳಿವೆ. ಎರಡೂ ಸಂಖ್ಯೆ ಒಟ್ಟಿಗೆ ಇದ್ದರೆ ಹಾಲಿನ ಬಗ್ಗೆ ಸುಳ್ಳು ಹೇಳೋದು ಕಷ್ಟ.

ಹೀಗೆ ಅಳೆದ ಹಾಲು ತಂಪಾಗಿ, ಟ್ಯಾಂಕರ್ ಹತ್ತಿ, ಹಾಸನದ ಡೈರಿಗೆ ಹೋಗುತ್ತೆ. ಹಾಸನ ಹಾಲು ಒಕ್ಕೂಟ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳ ಹಾಲನ್ನು ನೋಡಿಕೊಳ್ಳುತ್ತೆ. ಅಲ್ಲಿಂದ ಅದು ಪ್ಯಾಕೆಟ್ ಆಗಿ ಮತ್ತೆ ಬಾಣಾವರದ ಅಂಗಡಿಗೆ ಬಂದು ಇಳಿಯುವ ಹೊತ್ತಿಗೆ, ದೊಡ್ಡಮ್ಮ ಬಾಯಿಪಾಠ ಹೇಳುತ್ತಿದ್ದ ಎರಡು ಸಂಖ್ಯೆಗಳನ್ನು ಕೇಳುವವರೇ ಇರುವುದಿಲ್ಲ. ಸಂಖ್ಯೆಗಳು ಪ್ಯಾಕೆಟ್ಟಿನ ಮೇಲೇ ಇರುತ್ತವೆ, ಸಣ್ಣ ಅಕ್ಷರದಲ್ಲಿ. ನೀಲಿ ಅಂದರೆ ಟೋನ್ಡ್ ಹಾಲು: ಫ್ಯಾಟ್ 3.0, ಎಸ್‌ಎನ್‌ಎಫ್ 8.5. ಹಸಿರು ಅಂದರೆ ಹೋಮೊಜಿನೈಸ್ಡ್ ಹಸುವಿನ ಹಾಲು: 3.5, 8.5. ಶುಭಂ ಅಂದರೆ 4.5, 8.5, ಇದನ್ನು ಕಾನೂನಿನ ಭಾಷೆಯಲ್ಲಿ ಸ್ಟ್ಯಾಂಡರ್ಡೈಸ್ಡ್ ಹಾಲು ಅಂತಾರೆ. ಸಮೃದ್ಧಿ ಅಂದರೆ ಫುಲ್ ಕ್ರೀಮ್: 6.0, 9.0. ಇನ್ನೂ ಕೆಳಗೆ ಹೋದರೆ ಡಬಲ್ ಟೋನ್ಡ್: 1.5, 9.0. ಜಿಡ್ಡು ಅರ್ಧ ಪರ್ಸೆಂಟಿಗಿಂತ ಕಮ್ಮಿ ಇದ್ದರೆ ಅದು ಕೆನೆ ಪೂರ್ತಿ ತೆಗೆದ ಸ್ಕಿಮ್ಡ್ ಹಾಲು. ಬೇರೆ ಕಂಪನಿಯ ಪ್ಯಾಕೆಟ್ ಆದರೂ ಟೋನ್ಡ್ ಅಂತ ಬರೆದರೆ 3.0, 8.5ಕ್ಕಿಂತ ಕಮ್ಮಿ ಇರೋ ಹಾಗಿಲ್ಲ. ಅದು ದೇಶಕ್ಕೆಲ್ಲ ಒಂದೇ ನಿಯಮ. ಬಣ್ಣ ಮಾತ್ರ ಕಂಪನಿಗೊಂದು. ಒಬ್ಬರ ನೀಲಿ ಇನ್ನೊಬ್ಬರ ನೀಲಿಯೇ ಆಗಬೇಕು ಅಂತಿಲ್ಲ. ಹೊರರಾಜ್ಯಕ್ಕೆ ಹೋದ ನಮ್ಮ ಸೀನಿಯರ್‌ಗಳು ನೀಲಿ ನೋಡಿ ತಂದು ಕಾಫಿ ಯಾಕೆ ಹೀಗಾಯ್ತು ಅಂತ ತಲೆ ಕೆಡಿಸಿಕೊಂಡಿದ್ದಾರೆ.

ಈಗ "ನೀಲಿ ಬರೀ ನೀರು" ಅನ್ನುವ ಆರೋಪಕ್ಕೆ ಬರೋಣ. ಕೂಡಿಸಿ ನೋಡಿ. ನೀಲಿಯಲ್ಲಿ ಗಟ್ಟಿ ಅಂಶ 3.0 ಮತ್ತು 8.5, ಒಟ್ಟು 11.5. ಉಳಿದ 88.5 ನೀರು. ಹೌದು, ನೀರೇ! ಆದರೆ ಫುಲ್ ಕ್ರೀಮಿನಲ್ಲಿ 6 ಮತ್ತು 9, ಒಟ್ಟು 15, ಅಂದರೆ ಉಳಿದ 85 ನೀರು. ಬೀಗರಿಗೆ ಕೊಡುವ ಗಟ್ಟಿ ಹಾಲಿಗೂ ನಮಗಿರುವ ನೀರು ಹಾಲಿಗೂ ನೀರಿನ ವ್ಯತ್ಯಾಸ ನೂರಕ್ಕೆ ಮೂರೂವರೆ. ಹಸು ಕೆಚ್ಚಲಿನಿಂದ ನೇರವಾಗಿ ಕೊಡುವ ಹಾಲಿನಲ್ಲೂ ನೂರಕ್ಕೆ ಸುಮಾರು 87 ಪಾಲು ನೀರೇ ಇರುತ್ತೆ.

ಹಾಗಾದರೆ ಡೈರಿಯವರು ಏನು ಮಾಡ್ತಾರೆ? ಮೊದಲ ಸೆಮಿಸ್ಟರಿನ ಮಾಸ್ ಬ್ಯಾಲೆನ್ಸ್ ಲೆಕ್ಕ ಇದು, ನಾವೇ ಹಾಸ್ಟೆಲಿನಲ್ಲಿ ಕೂತು ಮಾಡಿ ನೋಡಿದ್ದೇವೆ. ಸಂಘಗಳಿಂದ ಬಂದ 1000 ಕೆಜಿ ಹಾಲು ಇದೆ ಅಂದುಕೊಳ್ಳಿ, ಫ್ಯಾಟ್ 4.0, ಎಸ್‌ಎನ್‌ಎಫ್ 8.4. ಅದನ್ನು ಸೆಪರೇಟರಿನಲ್ಲಿ ತಿರುಗಿಸಿ 40 ಪರ್ಸೆಂಟ್ ಜಿಡ್ಡಿರುವ ಕೆನೆಯನ್ನು 27 ಕೆಜಿ ತೆಗೆದರೆ ಉಳಿದ 973 ಕೆಜಿ ಹಾಲಿನ ಫ್ಯಾಟ್ ಸರಿಯಾಗಿ 3.0ಕ್ಕೆ ಬರುತ್ತೆ. ತಮಾಷೆ ಏನಪ್ಪಾ ಅಂದರೆ, ಎಸ್‌ಎನ್‌ಎಫ್ ಕಮ್ಮಿ ಆಗುವುದಿಲ್ಲ, 8.4 ಇದ್ದದ್ದು 8.5ರ ಹತ್ತಿರ ಬಂದುಬಿಡುತ್ತೆ. ಒಂದು ತೊಟ್ಟು ನೀರೂ ಹಾಕದೆ ನೀಲಿ ಪ್ಯಾಕೆಟ್ ತಯಾರು. ಆ 27 ಕೆಜಿ ಕೆನೆಯಲ್ಲಿ ಹತ್ತೂ ಮುಕ್ಕಾಲು ಕೆಜಿಯಷ್ಟು ಜಿಡ್ಡು ಇದೆ. ಅದೇ ಬೆಣ್ಣೆ, ಅದೇ ತುಪ್ಪ. ನೀಲಿ ಹಾಲನ್ನು ಬೈಯುತ್ತಾ, ನಂದಿನಿ ತುಪ್ಪದಲ್ಲಿ ಮೈಸೂರು ಪಾಕ್ ಮಾಡಿ ತಿನ್ನುವವರು ಇದನ್ನೊಂದು ಸಲ ಯೋಚನೆ ಮಾಡಬೇಕು. ಎರಡೂ ಒಂದೇ ಕ್ಯಾನಿನಿಂದ ಬಂದದ್ದು.

"ನೀರು" ಅನ್ನುವ ಮಾತಿಗೆ ಬೇರೇ ಇಲ್ಲ ಅಂತ ನಾವು ಹೇಳಲ್ಲ. ಟೋನ್ಡ್ ಹಾಲು ಹುಟ್ಟಿದ್ದೇ ನೀರಿನ ಜೊತೆಗೆ. 1946ರಲ್ಲಿ ಬಾಂಬೆಯಲ್ಲಿ ದಾರಾ ಖುರೋಡಿ ಅನ್ನುವವರು ಇದನ್ನು ಶುರು ಮಾಡಿದರು. ಅಲ್ಲಿ ಇದ್ದದ್ದು ಎಮ್ಮೆ ಹಾಲು. ಜಿಡ್ಡು ಬಹಳ, ಬೆಲೆಯೂ ಬಹಳ, ಇಡೀ ನಗರಕ್ಕೆ ಸಾಲುವಷ್ಟು ಹಾಲಿಲ್ಲ. ಅವರು ಆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ನೀರನ್ನೂ ಸೇರಿಸಿ ಜಿಡ್ಡನ್ನು ಇಳಿಸಿದರು, ಪ್ರೋಟೀನು ಕಮ್ಮಿ ಆಗದ ಹಾಗೆ ನೋಡಿಕೊಂಡರು. ಬಡವರ ಮನೆಗೂ ಹಾಲು ಹೋಗುವ ಹಾಗಾಯಿತು. 1963ರಲ್ಲಿ ಖುರೋಡಿ, ತ್ರಿಭುವನದಾಸ್ ಪಟೇಲ್, ವರ್ಗೀಸ್ ಕುರಿಯನ್ ಮೂವರಿಗೂ ಸೇರಿಸಿ ಮ್ಯಾಗ್ಸೆಸೆ ಪ್ರಶಸ್ತಿ ಕೊಟ್ಟರು. ಕುರಿಯನ್ ಹೆಸರು ಎಲ್ಲರಿಗೂ ಗೊತ್ತು, ಖುರೋಡಿ ಹೆಸರು ಕ್ವಿಜ್ ಮಾಡುವವರಿಗೂ ಗೊತ್ತಿಲ್ಲ. ನಮ್ಮ ಕಡೆಯದು ಹೆಚ್ಚಾಗಿ ಸೀಮೆ ಹಸುವಿನ ಹಾಲು, ಮೊದಲೇ ನಾಲ್ಕರ ಆಸುಪಾಸು. ಅದನ್ನು ಮೂರಕ್ಕೆ ಇಳಿಸಲು ಒಂಚೂರು ಕೆನೆ ತೆಗೆದರೆ ಸಾಕು.

ಆರೋಗ್ಯದ ಮಾತಿಗೆ ಬಂದರೆ, ಕೆನೆ ಜೊತೆ ಹೋಗುವುದು ಜಿಡ್ಡು ಮತ್ತು ಜಿಡ್ಡಿನಲ್ಲಿ ಕರಗುವ ವಿಟಮಿನ್‌ಗಳು. ಆ ವಿಟಮಿನ್ ಎ, ಡಿ ಮತ್ತೆ ಸೇರಿಸಿದ್ದರೆ ಪ್ಯಾಕೆಟ್ ಮೇಲೆ ಪ್ಲಸ್ ಎಫ್ ಗುರುತು ಇರುತ್ತೆ. ಪ್ರೋಟೀನು, ಕ್ಯಾಲ್ಸಿಯಂ ಎಲ್ಲೂ ಹೋಗಲ್ಲ, ಅವು ಎಸ್‌ಎನ್‌ಎಫ್‌ನಲ್ಲೇ ಇವೆ. ದಿನಕ್ಕೆ ಅರ್ಧ ಲೀಟರ್ ಕುಡಿಯುವವರಿಗೆ ನೀಲಿಯಲ್ಲಿ ಸುಮಾರು 15 ಗ್ರಾಂ ಜಿಡ್ಡು, ಫುಲ್ ಕ್ರೀಮಿನಲ್ಲಿ 30 ಗ್ರಾಂ. ಬೆಳೆಯುವ ಮಗುವಿಗೆ ಹೆಚ್ಚಿನದು ಬೇಕಾಗಬಹುದು, ನಡೆಯುವುದೇ ಕಮ್ಮಿ ಆದ ತಾತನಿಗೆ ಬೇಡವಾಗಬಹುದು. ಯಾರಿಗೆ ಎಷ್ಟು ಅನ್ನುವುದು ಡಾಕ್ಟರ ಕೆಲಸ, ನಮ್ಮದಲ್ಲ. ಆದರೆ ತಾತನಿಗೆ ನೀಲಿ ಕೊಟ್ಟರೆ ಅವರಿಗೆ ಮರ್ಯಾದೆ ಕಮ್ಮಿ ಮಾಡಿದ ಹಾಗೆ ಅಂತ ಮನೆಯಲ್ಲಿ ಜಗಳ ಆಗುತ್ತಲ್ಲ, ಆ ಜಗಳ ಬೇಕಿಲ್ಲ.

ಹಸಿರು ಪ್ಯಾಕೆಟ್ಟಿನ ಮೇಲೆ ಬೇರೆ ಒಂದು ಅನುಮಾನ ಇದೆ. "ಎಷ್ಟು ಕಾಯಿಸಿದರೂ ಕೆನೆ ಕಟ್ಟಲ್ಲ, ಏನೋ ಬೆರೆಸಿದ್ದಾರೆ" ಅಂತ ಅಜ್ಜಿಯರ ದೂರು. ಕೆನೆ ಕಟ್ಟದಿರುವುದು ಹೋಮೊಜಿನೈಸ್ ಮಾಡಿದ್ದರಿಂದ. ಹಾಲಿನಲ್ಲಿ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ತೇಲುತ್ತಿರುತ್ತೆ, ಒಂದೊಂದು ಮೂರು ನಾಲ್ಕು ಮೈಕ್ರಾನ್ ಗಾತ್ರ. ಹಗುರವಾದ್ದರಿಂದ ಮೇಲಕ್ಕೆ ಬಂದು ಸೇರಿಕೊಳ್ಳುತ್ತವೆ, ಅದೇ ಕೆನೆ. ಹಾಲನ್ನು ಭಾರೀ ಒತ್ತಡದಲ್ಲಿ ಕೂದಲಿನಷ್ಟು ಸಣ್ಣ ಸಂದಿಯಲ್ಲಿ ನುಗ್ಗಿಸಿದರೆ ಹನಿಗಳು ಒಡೆದು ಒಂದು ಮೈಕ್ರಾನಿಗಿಂತ ಚಿಕ್ಕದಾಗುತ್ತವೆ. ಆಮೇಲೆ ಅವು ಮೇಲೆ ಬರಲಾರವು, ಹಾಲಿನೊಳಗೇ ಉಳಿಯುತ್ತವೆ. ಜಿಡ್ಡು 3.5 ಇತ್ತು, 3.5 ಇದೆ. ಹೊರಗಿನಿಂದ ಏನೂ ಸೇರಿಲ್ಲ, ಒಳಗಿನಿಂದ ಏನೂ ಹೋಗಿಲ್ಲ. ಕಾಫಿಗೆ ಇದು ಚೆನ್ನ, ಕಪ್ಪಿನ ತುಂಬ ಒಂದೇ ಸಮ ರುಚಿ. ಆದರೆ ಅಜ್ಜಿಯದ್ದೂ ಒಂದು ನ್ಯಾಯ ಇದೆ: ದಿನಾ ಕೆನೆ ಎತ್ತಿಟ್ಟು, ವಾರಕ್ಕೊಮ್ಮೆ ಕಡೆದು, ಬೆಣ್ಣೆ ಕಾಯಿಸುವವರಿಗೆ ಈ ಹಾಲು ಉಪಯೋಗಕ್ಕೆ ಬರಲ್ಲ. ಅವರು ಹೋಮೊಜಿನೈಸ್ಡ್ ಅಂತ ಬರೆದಿರದ, ಜಿಡ್ಡು ಹೆಚ್ಚಿರುವ ಪ್ಯಾಕೆಟ್ ತಗೊಳ್ಳಬೇಕು, ಇಲ್ಲಾ ವರ್ತನೆ ಹಾಲು ಹಾಕಿಸಿಕೊಳ್ಳಬೇಕು. ಇದನ್ನು ಅವರಿಗೆ ಯಾರಾದರೂ ಹೇಳಿದ್ದಾರಾ? ಬಣ್ಣ ಹೇಳಲ್ಲ.

ಗುಡ್‌ಲೈಫ್ ಥರದ ತಿಂಗಳುಗಟ್ಟಲೆ ಕೆಡದ ಹಾಲಿನ ಕತೆಯೂ ಇಷ್ಟೇ. ಹಾಸ್ಟೆಲಿನಲ್ಲಿ ಫ್ರಿಜ್ ಇಲ್ಲದ ನಮಗೆ ಅದೇ ಗತಿ. "ಕೆಮಿಕಲ್ ಹಾಕದೇ ಹೇಗೆ ಇರುತ್ತೆ?" ಅಂತ ಊರಿನಲ್ಲಿ ಕೇಳ್ತಾರೆ. ಮಾಮೂಲಿ ಪ್ಯಾಕೆಟ್ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸ್ತಾರೆ, ರೋಗ ತರುವ ಕ್ರಿಮಿ ಸಾಯುತ್ತೆ, ಹಾಲು ಹುಳಿ ಮಾಡುವ ಕೆಲವು ಉಳಿಯುತ್ತವೆ. ಯುಎಚ್‌ಟಿ ಅಂದರೆ 135 ಡಿಗ್ರಿ ಮೀರಿ ಎರಡು ಮೂರು ಸೆಕೆಂಡ್ ಕಾಯಿಸಿ, ಗಾಳಿ ಬೆಳಕು ತಾಗದ ಪದರದ ಪ್ಯಾಕೆಟ್ಟಿಗೆ ಕ್ರಿಮಿ ಸೇರದ ಹಾಗೆ ತುಂಬೋದು. ಪ್ಯಾಕೆಟ್ ಒಡೆದ ಮೇಲೆ ಅದೂ ಎಲ್ಲಾ ಹಾಲಿನ ಹಾಗೇ ಕೆಡುತ್ತೆ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿದ್ದ 5 ಪರ್ಸೆಂಟ್ ಜಿಎಸ್‌ಟಿಯನ್ನೂ ತೆಗೆದಿದ್ದಾರೆ.

ಇನ್ನು ಸಿಟ್ಟಿನ ವಿಷಯ. ಹೋದ ರಜೆಯಲ್ಲಿ ನಮ್ಮಲ್ಲೊಬ್ಬರ ಮನೆಗೆ ಬೆಂಗಳೂರಿನಿಂದ ನೆಂಟರು ಬಂದಿದ್ದರು. ಕರೆದ ಹಾಲನ್ನು ಕಾಯಿಸಿ ಲೋಟಕ್ಕೆ ಹಾಕಿ ಕೊಟ್ಟರೆ, "ಇದು ಸೀಮೆ ಹಸುವಿನದಾ? ನಾವು ಎ1 ಹಾಲು ಕುಡಿಯಲ್ಲ, ಎ2 ಮಾತ್ರ" ಅಂತ ಲೋಟ ಪಕ್ಕಕ್ಕೆ ಸರಿಸಿದರು. ಸೀಮೆ ಹಸುವಿನ ಹಾಲು ವಿಷ ಅಂತ ಅವರ ವಾಟ್ಸಾಪ್ ಗ್ರೂಪಿನಲ್ಲಿ ಬಂದಿತ್ತಂತೆ. ಆ ಹಸುವಿನ ಹಾಲಿನ ಬಟವಾಡೆಯಲ್ಲೇ ಆ ಮನೆಯ ಎರಡು ಮಕ್ಕಳ ಫೀಸು ಕಟ್ಟಿರೋದು. ಚಿಕ್ಕಮ್ಮ ಏನೂ ಮಾತಾಡದೆ ಲೋಟ ಎತ್ತಿಕೊಂಡು ಒಳಗೆ ಹೋದರು.

ಎ1, ಎ2 ಅನ್ನುವುದು ಹಾಲಿನಲ್ಲಿರುವ ಬೀಟಾ ಕೇಸಿನ್ ಅನ್ನುವ ಪ್ರೋಟೀನಿನ ಎರಡು ರೂಪ. 209 ಅಮೈನೋ ಆಮ್ಲಗಳ ಸರಪಳಿಯಲ್ಲಿ 67ನೇ ಜಾಗದಲ್ಲಿ ಒಂದರಲ್ಲಿ ಹಿಸ್ಟಿಡಿನ್, ಇನ್ನೊಂದರಲ್ಲಿ ಪ್ರೋಲಿನ್. ವ್ಯತ್ಯಾಸ ಇರುವುದು ನಿಜ. ನಾಟಿ ತಳಿಗಳಲ್ಲಿ ಹೆಚ್ಚಾಗಿ ಎ2 ಇರುವುದೂ ನಿಜ. ಎಮ್ಮೆ ಹಾಲೂ ಎ2ನೇ, ಆದರೆ ಅದನ್ನು ಯಾರೂ ಬಾಟಲಿಯಲ್ಲಿ ತುಂಬಿ ಜಂಬ ಕೊಚ್ಚಲ್ಲ. ಎಚ್‌ಎಫ್ ಹಸುಗಳಲ್ಲೂ ಎ2 ಇರುವವು ಇವೆ. ಇದರಿಂದ ಕಾಯಿಲೆ ಬರುತ್ತೆ ಅನ್ನುವ ಮಾತನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಪರಿಶೀಲಿಸಿ, ಕಾರಣ–ಪರಿಣಾಮದ ಸಂಬಂಧ ಕಂಡುಬಂದಿಲ್ಲ ಅಂತ ಹೇಳಿತು. ನಮ್ಮ ಎಫ್‌ಎಸ್‌ಎಸ್‌ಎಐ 2024ರ ಆಗಸ್ಟ್ 21ರಂದು ಪ್ಯಾಕೆಟ್ ಮೇಲೆ ಎ1, ಎ2 ಅಂತ ಹಾಕಬೇಡಿ ಅಂದಿತು. ಐದೇ ದಿನಕ್ಕೆ, 26ಕ್ಕೆ, ಆ ಸೂಚನೆಯನ್ನು ವಾಪಸ್ ತಗೊಂಡಿತು. ಮಾರುವವರು ಮತ್ತೆ ನಿರಾಳ. ಒಬ್ಬರಿಗೆ ಎ2 ಹಾಲು ಹೊಟ್ಟೆಗೆ ಹಿತ ಅನ್ನಿಸಿದರೆ ಕುಡಿಯಲಿ, ಅವರ ದುಡ್ಡು, ಅವರ ಹೊಟ್ಟೆ. ಲೀಟರಿಗೆ ನೂರರ ಮೇಲೆ ಕೊಡುವ ಮುಂಚೆ ಆ ಬಾಟಲಿಯ ಜಿಡ್ಡೆಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಒಂದು ಸಲ ತಿರುಗಿಸಿ ನೋಡಲಿ. ನಮ್ಮ ಚಿಕ್ಕಮ್ಮನ ಹಾಲನ್ನು ವಿಷ ಅನ್ನುವುದು ಮಾತ್ರ ಬೇಡ.

ನಾಟಿ ಹಸುವಿನ ಹೆಮ್ಮೆ ನಮಗೆ ಇಲ್ಲ ಅಂತಲ್ಲ. ಬಾಣಾವರದಲ್ಲಿ ರೈಲು ಹತ್ತಿ ಬೀರೂರು ದಾಟಿದರೆ ಅಜ್ಜಂಪುರ. ಅಮೃತಮಹಲ್ ತಳಿಯ ಕೇಂದ್ರ ಇರುವುದು ಅಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆ ದನಗಳ ಇಲಾಖೆಗೆ ಇದ್ದ ಹೆಸರು ಬೆಣ್ಣೆ ಚಾವಡಿ. ಎಂಥ ಹೆಸರು ನೋಡಿ! ಟಿಪ್ಪು ಅದನ್ನು ಅಮೃತಮಹಲ್ ಅಂತ ಬದಲಿಸಿದ. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಕಡೆ ಇವತ್ತಿಗೂ ಅಮೃತಮಹಲ್ ಕಾವಲು ಅಂತ ಕರೆಯುವ ಹುಲ್ಲುಗಾವಲುಗಳಿವೆ. ಆದರೆ ಅಮೃತಮಹಲ್, ಹಳ್ಳಿಕಾರ್ ಎರಡೂ ದುಡಿಯುವ ಎತ್ತಿಗೆ ಹೆಸರಾದ ತಳಿಗಳು. ಸೈನ್ಯದ ಸಾಮಾನು ಎಳೆದವು, ಗಾಡಿ ಎಳೆದವು, ಹೊಲ ಉತ್ತವು. ಹಸು ಕೊಡುವ ಹಾಲು ಕರುವಿಗೆ ಬಿಟ್ಟು ಒಂದೆರಡು ಲೀಟರ್ ಮಿಕ್ಕರೆ ಹೆಚ್ಚು. ಸೀಮೆ ಹಸು ಬೇಡ, ನಾಟಿ ಸಾಕಿ ಅಂತ ಫೋನಿನಲ್ಲಿ ಬುದ್ಧಿ ಹೇಳುವವರು, ಒಂದೆರಡು ಲೀಟರಿನಲ್ಲಿ ಹಿಂಡಿ, ಬೂಸಾ, ಡಾಕ್ಟರ್ ಖರ್ಚು ಹೇಗೆ ಕಳೆಯೋದು ಅಂತಲೂ ಹೇಳಬೇಕು. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನಕ್ಕೆ ತಿಂಗಳುಗಟ್ಟಲೆ ಕಾಯುವ ಮನೆಗಳಿವು.

ಬೆರಕೆ ಹಾಲಿನ ಭಯ ಸುಳ್ಳಾ? ಪೂರ್ತಿ ಸುಳ್ಳಲ್ಲ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದ ಎಲ್ಲ ಕಡೆ 6,432 ಸ್ಯಾಂಪಲ್ ತೆಗೆದು ನೋಡಿತು. ಕಲಬೆರಕೆ ಅಂತ ಸಿಕ್ಕಿದ್ದು 12 ಮಾತ್ರ. ಆದರೆ ನೂರಕ್ಕೆ 41ರಷ್ಟು ಸ್ಯಾಂಪಲ್‌ಗಳು ಗುಣಮಟ್ಟದ ಒಂದಲ್ಲ ಒಂದು ಅಳತೆಯಲ್ಲಿ ಕಮ್ಮಿ ಬಿದ್ದವು. ಅದರಲ್ಲಿ ಮುಖ್ಯವಾದವು ಯಾವುವು ಗೊತ್ತಾ? ಫ್ಯಾಟ್ ಮತ್ತು ಎಸ್‌ಎನ್‌ಎಫ್. ವಾಟ್ಸಾಪ್ ನಮಗೆ ಯೂರಿಯಾ, ಡಿಟರ್ಜೆಂಟ್ ಅಂತ ಹೆದರಿಸುತ್ತಿದ್ದರೆ, ನಿಜವಾದ ನಷ್ಟ ನಾವು ಓದದೆ ಬಿಟ್ಟ ಆ ಎರಡು ಸಂಖ್ಯೆಯಲ್ಲಿ ಆಗುತ್ತಿತ್ತು.

2024ರ ಜೂನ್ 26ರಂದು ಅರ್ಧ ಲೀಟರ್ ನಂದಿನಿ ಪ್ಯಾಕೆಟ್ 550 ಎಂಎಲ್ ಆಯಿತು, ಲೀಟರಿನದು 1050 ಎಂಎಲ್. ಬೆಲೆಗೆ 2 ರೂಪಾಯಿ ಸೇರಿತು. ಇದು ಬೆಲೆ ಏರಿಕೆಯಾ ಅಲ್ಲವಾ ಅಂತ ಟಿವಿಯಲ್ಲಿ ವಾರಗಟ್ಟಲೆ ಚರ್ಚೆ. 2025ರ ಏಪ್ರಿಲ್ 1ಕ್ಕೆ ಮತ್ತೆ 500ಕ್ಕೆ ಬಂತು, ಲೀಟರಿಗೆ 4 ರೂಪಾಯಿ ಏರಿತು, ಮತ್ತೆ ಚರ್ಚೆ. ಕೇಳಲಿ, ಕೇಳಲೇಬೇಕು, ಬಡವರ ಮನೆ ಲೆಕ್ಕ ಅದು. ಆದರೆ ಅಷ್ಟೆಲ್ಲ ಚರ್ಚೆಯಲ್ಲಿ ರೂಪಾಯಿ ಬಂತು, ಎಂಎಲ್ ಬಂತು; ಆ ಹಾಲಿನ ಜಿಡ್ಡು ಎಷ್ಟು ಅನ್ನುವ ಮಾತು ನಮ್ಮ ಕಿವಿಗೆ ಬೀಳಲಿಲ್ಲ.

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಬರೆಯೋದಕ್ಕೆ ಇನ್ನೊಂದು ಕಾರಣ ಇದೆ. 2023ರ ಮಾರ್ಚಿನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ "ದಹಿ" ಅಂತ ಬರೆಯಬೇಕು ಅನ್ನುವ ಆದೇಶ ಬಂದಾಗ ಕರ್ನಾಟಕ, ತಮಿಳುನಾಡು ಎರಡೂ ಕಡೆ ಗಲಾಟೆ ಆಯಿತು. ಮಾರ್ಚ್ 30ಕ್ಕೆ ಆದೇಶ ಬದಲಾಯಿತು, ಮೊಸರು ಮೊಸರಾಗಿಯೇ ಉಳಿಯಿತು. ಒಳ್ಳೇ ಕೆಲಸ. ಅದೇ ಉತ್ಸಾಹ ಹಾಲಿನ ಪ್ಯಾಕೆಟ್ ಕಡೆಗೂ ಸ್ವಲ್ಪ ತಿರುಗಲಿ ಅನ್ನೋದು ನಮ್ಮ ಆಸೆ. ಟೋನ್ಡ್, ಸ್ಟ್ಯಾಂಡರ್ಡೈಸ್ಡ್, ಹೋಮೊಜಿನೈಸ್ಡ್ ಇವು ಯಾವ ಲಿಪಿಯಲ್ಲಿ ಬರೆದರೂ ದೊಡ್ಡಮ್ಮನಿಗೆ ಅರ್ಥ ಆಗಲ್ಲ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮ್ಮ ಕ್ಲಾಸಿನಲ್ಲಿ ಟೋನ್ಡ್ ಅಂದರೇನು ಅಂತ ಕೇಳಿದರೆ ಜಿಮ್ಮಿಗೆ ಹೋಗುವವನೊಬ್ಬ ತನ್ನ ತೋಳು ತೋರಿಸಿದ. ಆದರೆ ಜಿಡ್ಡು ಅಂದರೆ ಎಲ್ಲರಿಗೂ ಗೊತ್ತು. ಕೆನೆ ಗೊತ್ತು. ಡೈರಿಯ ಬೋರ್ಡಿನಲ್ಲಿ ಜಿಡ್ಡಿನಂಶ, ಜಿಡ್ಡೇತರ ಘನಾಂಶ ಅನ್ನುವ ಪದಗಳು ಆಗಲೇ ಇವೆ; ಎರಡನೆಯದು ಬಾಯಲ್ಲಿ ಸ್ವಲ್ಪ ಕಚ್ಚುತ್ತೆ, ಗಟ್ಟಿ ಅಂಶ ಅಂದರೂ ನಡೆಯುತ್ತೆ. ಹೊಸ ಪದ ಹುಟ್ಟಿಸುವ ಕಮಿಟಿ ಏನೂ ಬೇಡ. "ಕೆನೆ ಇಳಿಸಿದ ಹಾಲು, ಜಿಡ್ಡು 3.0, ಗಟ್ಟಿ ಅಂಶ 8.5" ಅಂತ ಪ್ಯಾಕೆಟ್ಟಿನ ಮುಂಭಾಗದಲ್ಲಿ, ಬ್ರ್ಯಾಂಡ್ ಹೆಸರಿನ ಕೆಳಗೆ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಹಾಕಿದರೆ ಸಾಕು. ಬಣ್ಣ ಇರಲಿ, ದೂರದಿಂದ ಗುರುತು ಹಿಡಿಯೋದಕ್ಕೆ ಅದು ಬೇಕು. ಇದನ್ನು ಎಲ್ಲ ಕಂಪನಿಯವರೂ ಮಾಡಲಿ, ಎ2 ಬಾಟಲಿಯವರೂ ಮಾಡಲಿ.

ಸ್ಕೂಲಿನ ಮಕ್ಕಳಿಂದಲೇ ಶುರು ಮಾಡಬಹುದು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಇದೆ, ಸರ್ಕಾರಿ ಶಾಲೆಯ ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಎಂಎಲ್ ಹಾಲು. ಪುಡಿಯಿಂದ ಮತ್ತೆ ಹಾಲು ಹೇಗಾಗುತ್ತೆ, ಲೋಟದಲ್ಲಿ ಜಿಡ್ಡೆಷ್ಟು ಅಂತ ಅದೇ ಲೋಟ ಇಟ್ಟುಕೊಂಡು ಆರನೇ ಕ್ಲಾಸಿಗೆ ಶೇಕಡಾ ಲೆಕ್ಕ ಹೇಳಿಕೊಟ್ಟರೆ ಮಕ್ಕಳು ಮರೆಯುತ್ತಾರಾ? ನಮಗೆ ಶೇಕಡಾ ಕಲಿಸಿದ್ದು ಪುಸ್ತಕದ ಯಾರೋ ಒಬ್ಬರ ಲಾಭ–ನಷ್ಟ ಇಟ್ಟುಕೊಂಡು.

ಸದ್ಯಕ್ಕೆ ನಮ್ಮ ಕೈಯಲ್ಲಿ ಆಗುವುದು ಕ್ಯಾಂಟೀನಿನ ಬೋರ್ಡು. ಕಾಫಿ, ಟೀ, ಬಾದಾಮಿ ಹಾಲು ಅಂತ ಬರೆದಿರುವ ಜಾಗದ ಕೆಳಗೆ "ಇಂದಿನ ಹಾಲು: ಜಿಡ್ಡು ಇಷ್ಟು" ಅಂತ ಒಂದು ಸಾಲು ಬರೆಯಿರಿ ಅಂತ ಕ್ಯಾಂಟೀನ್ ಅಣ್ಣನನ್ನು ಕೇಳಿದ್ದೇವೆ. ಅವರು ಒಪ್ಪಿದ್ದಾರೆ. ದಿನಾ ಪ್ಯಾಕೆಟ್ ಓದಿ ಬರೆಯುವ ಕೆಲಸವೂ ನಮ್ಮದೇ, ಚಾಕ್‌ಪೀಸೂ ನಾವೇ ತರಬೇಕಂತೆ.